ನಿಂತು ಉಣ್ಣುವವರು

ನನ್ನಮ್ಮ ಬೋಗುಮಿವಾ ವೂಚ್ ನಗರದ ಗಿರಣಿಯಲ್ಲಿ
ಇಪ್ಪತ್ತೆರಡು ವರ್ಷ ನೂಲು ಸುತ್ತಿದಳು.
ಮೂರು ಪಾಳಿ. ಊಟಕ್ಕೆ ಕಾಲು ಗಂಟೆ ಬಿಡುವು,
ಅದರಲ್ಲಿ ಕೈ ತೊಳೆಯುವುದಕ್ಕೇ ಐದು ನಿಮಿಷ.
ಹತ್ತಿಯ ಧೂಳು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.
ಯಂತ್ರದ ಪಕ್ಕ ನಿಂತೇ ತಿನ್ನುತ್ತಿದ್ದಳಂತೆ,
ಎಡಗೈಯಲ್ಲಿ ಕರಿ ಬ್ರೆಡ್ಡಿನ ತುಂಡು,
ಬಲಗೈ ಎಳೆಯ ಹತ್ತಿರ,
ಕಡಿದರೆ ಗಂಟು ಹಾಕಲು.

ಗಿರಣಿ ಮುಚ್ಚಿತು. ಆ ಕೆಂಪಿಟ್ಟಿಗೆ ಗೋಡೆಯೊಳಗೆ
ಈಗ ಕಾಫಿ, ಸಿನಿಮಾ, ಬೆಲೆಬಾಳುವ ಬೂಟು.
ಅಮ್ಮ ಮನೆಗೆ ಬಂದಳು, ಕೂರಲಿಲ್ಲ.
ಒಲೆಗೆ ಸೊಂಟ ಒರಗಿಸಿ
ಸೌಟಿನಿಂದಲೇ ಸಾರು ಸುರಿದುಕೊಂಡು
ಬಾಣಲೆಯ ತಳ ಬ್ರೆಡ್ಡಿನಲ್ಲಿ ಒರೆಸಿದರೆ ಅವಳ ಊಟ ಮುಗಿಯಿತು.
ಅವಳ ಕುರ್ಚಿಯಲ್ಲಿ ಇಸ್ತ್ರಿ ಕಾಣದ ಬಟ್ಟೆಗಳು
ವರ್ಷಗಟ್ಟಲೆ ಆರಾಮಾಗಿ ಕೂತಿದ್ದವು.
"ಕೂತ್ಕೋ ಅಮ್ಮಾ" ಅಂದರೆ
"ನಾನೂ ಕೂತರೆ ಏಳೋರು ಯಾರು?"

ನನಗವಳು ಅಡುಗೆ ಕಲಿಸಿದ್ದಿಲ್ಲ.
ಬೀಟ್‌ರೂಟ್ ಸಾರಿಗೆ ಹುಳಿ ಎಷ್ಟು ಅಂತ
ಹೇಳಿಕೊಟ್ಟವಳು ಎದುರುಮನೆಯ ಯಾಡ್ವಿಗಾ.
ಅಮ್ಮನಿಂದ ನಾನೇನೂ ಕಲಿಯಲಿಲ್ಲ
ಎಂದೇ ನಲವತ್ತು ವರ್ಷ ನಂಬಿದ್ದೆ.

ಮಗ ವಿತೆಕ್‌ಗೆ ಐದು.
ಮಕ್ಕಳ ಡಾಕ್ಟರು ಕೊಟ್ಟ ಬಣ್ಣದ ಹಾಳೆ ಫ್ರಿಜ್ಜಿನ ಮೇಲಿದೆ,
ತಟ್ಟೆಯ ಅರ್ಧ ಹಸಿರು, ಕಾಲು ಕಾಳು,
ಮೂಲೆಯಲ್ಲಿ ನಗುವ ಒಂದು ಕ್ಯಾರೆಟ್ಟು.
"ಮೊದಲು ತರಕಾರಿ" ಎಂದು ಹಾಳೆ ತೋರಿಸುತ್ತೇನೆ,
ಮತ್ತದೇ ಹಾಳೆಯ ಬಾಗಿಲು ತೆರೆದು, ಬಾಗಿಲ ಮರೆಯಲ್ಲಿ,
ಸಾಸೇಜಿನ ತುದಿ, ಚಾಕು ಕಾಣದ ಚೀಸು,
ಬಾಟಲಿಗೆ ಬೆರಳಿಳಿಸಿ ಉಪ್ಪು ಸೌತೆಕಾಯಿ.
ಇದು ಊಟವಲ್ಲ ಬಿಡಿ, ಬರೀ ಬಾಯಾಡಿಸುವುದು.
ಊಟ ಯಾವಾಗ ಮಾಡುತ್ತೇನೆ ಎಂದು
ಯಾರೂ ಕೇಳಿಲ್ಲ, ನಾನೂ.

ಮೊನ್ನೆ ಶಿಶುವಿಹಾರದ ಟೀಚರು ಕರೆದರು.
ನಿಮ್ಮ ಹುಡುಗ ಒಳ್ಳೆಯವನು,
ಆದರೆ ಊಟಕ್ಕೆ ಕೂರುವುದೇ ಇಲ್ಲ.
ಎಡಗೈಯಲ್ಲಿ ಚಮಚ, ಬಲಗೈ ಪಕ್ಕದವಳ ಕುರ್ಚಿಯ ಮೇಲೆ,
ಏನೋ ಈಗ ಕಡಿಯುತ್ತದೆ,
ಹಿಡಿಯಬೇಕು ಅನ್ನುವ ಹಾಗೆ ನಿಂತಿರುತ್ತಾನೆ.
ಯಾಕೋ ಅಂದರೆ
"ದೊಡ್ಡೋರು ಹೀಗೇ ತಿನ್ನೋದು" ಅಂದನಂತೆ.

ಟ್ರಾಮಿನಲ್ಲಿ ಮನೆಗೆ ಬರುವಾಗ
ಸೀಟು ಖಾಲಿಯಿದ್ದರೂ ನಾನು ನಿಂತಿದ್ದೆ.
ನೂಲಿನಂತೆ ಬಟ್ಟೆ.
ಆ ಗಿರಣಿಯ ಸೈರನ್ನು ಅವನು ಕೇಳಿಯೇ ಇಲ್ಲ,
ಕಾಲು ಗಂಟೆ ಮಾತ್ರ ಹೇಗೋ ತಲುಪಿದೆ,
ಸುತ್ತಿಟ್ಟ ಹಾಗೇ.

ಆ ರಾತ್ರಿ ಬಟ್ಟೆ ಮಂಚಕ್ಕೆ ಎಸೆದು ಕುರ್ಚಿ ಎಳೆದೆ.
ಮೊಣಕಾಲಿಗೆ ಮೇಜಿನ ಅಡಿ ತಗುಲಿತು.
ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.
ಕೂತ ಎತ್ತರದಲ್ಲಿ
ಸಬ್ಬಸಿಗೆಯ ಘಮ ಬೇರೆಯೇ ಇರುತ್ತದೆ, ಗೊತ್ತಿರಲಿಲ್ಲ.
ನನ್ನ ತಟ್ಟೆಯ ಕ್ಯಾರೆಟ್ಟನ್ನು ನಿಧಾನ ಅಗಿದೆ.
ಅವನು ನೋಡಿದ. ಕೂತ.
ತನ್ನದನ್ನು ಮುಟ್ಟಲಿಲ್ಲ, ಸುಳ್ಳು ಯಾಕೆ ಹೇಳಲಿ.
ಮರುದಿನವೂ ಮುಟ್ಟಲಿಲ್ಲ.

ಭಾನುವಾರ ಅಮ್ಮ ಬಂದಳು,
ರೈ ಹಿಟ್ಟಿನ ಹುಳಿ ಸಾರು ತಂದಳು,
ನಮಗೆಲ್ಲ ಬಡಿಸಿ ಸೌಟು ಹಿಡಿದು ಒಲೆಗೊರಗಿದಳು.
ವಿತೆಕ್ ಕುರ್ಚಿಯನ್ನು ದರದರ ಎಳೆದು ತಂದು
ಹಿಂದಿನಿಂದ ಅವಳ ಮೊಣಕಾಲಿಗೆ ಒತ್ತಿದ.
ದೊಪ್ಪನೆ ಕೂತಳು.
"ಅಯ್ಯೋ, ಈಗ ಏಳೋರು ಯಾರೋ?"
"ನಾನು" ಅಂದ, ಉಪ್ಪು ತರಲು ಓಡಿದ.

ಬಸ್ಸಿಗೆ ಕಾಯುವವಳಂತೆ ತುದಿಯಲ್ಲೇ ಕೂತು
ಒಂದು ಚಮಚ, ಇನ್ನೊಂದು.
ಬಲಗೈ ಮೇಜುಬಟ್ಟೆಯ ಅಂಚಲ್ಲಿ ತಡಕಾಡಿ
ಬಿಟ್ಟುಹೋದ ಎಳೆಯೊಂದನ್ನು ಹಿಡಿಯಿತು.
ಕಣ್ಣು ಸಾರಿನ ಮೇಲೆಯೇ,
ಬೆರಳು ಗಂಟು ಹಾಕಿತು.
ವಿತೆಕ್ ಉಪ್ಪಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತು
ಆ ಬೆರಳುಗಳನ್ನೇ ನೋಡುತ್ತಿದ್ದ.